ತೆಂಕು ಮುಖದ ಜಗಲಿ

ಅಮರೇಶಪ್ಪನವರ ಲೆಕ್ಕದಲ್ಲಿ ಹೈದರಾಬಾದಿನಲ್ಲಿ ನೆಟ್ಟಗೆ ಒಂದು ಗೆರೆ ಎಳೆಯಬಲ್ಲವರು ಮೂವರೇ ಇದ್ದರು. ಅವರಲ್ಲಿ ಇಬ್ಬರು ತೀರಿಕೊಂಡಿದ್ದರು. ಮೂರನೆಯವರು ಯಾರೆಂದು ಅವರು ಎಂದೂ ಹೇಳಿಕೊಂಡವರಲ್ಲ. ಕೇಳುವಷ್ಟು ತಿಳಿವಳಿಕೆ ಉಳಿದವರೂ ಈ ಊರಿನಲ್ಲಿಲ್ಲ ಎಂದು ಸುಮ್ಮನಿದ್ದರು.

ಲಿಂಗಸೂಗೂರಿನ ಕಡೆಯಿಂದ ಬಂದು, ಸರ್ಕಾರದ ಒಂದು ಇಲಾಖೆಯಲ್ಲಿ ಹಳೆಯ ಕಟ್ಟಡಗಳ ನಕ್ಷೆ ಬರೆಯುತ್ತ ಮೂವತ್ತೆರಡು ವರ್ಷ ಸವೆಸಿ, ನಿವೃತ್ತರಾಗಿ ಒಂಬತ್ತು ವರ್ಷವಾಗಿತ್ತು. ಬೇಗಂಪೇಟೆಯ ರೈಲು ನಿಲ್ದಾಣದ ಹಿಂದೆ, ಎರಡನೆಯ ಅಂತಸ್ತಿನ ಮನೆಯ ಗ್ಯಾಲರಿಯಲ್ಲಿ ಕುಳಿತು ಅವರು ಊರನ್ನು ಧಿಕ್ಕರಿಸುತ್ತಿದ್ದರು. ಹಗಲನ್ನು ನಿದ್ರೆಗೆ ಮಾರಿಕೊಂಡ ಎಳೆಯರನ್ನು ಹೊತ್ತು ಓಡುವ ಬಿಳಿ ವಾಹನಗಳನ್ನು ಧಿಕ್ಕರಿಸುತ್ತಿದ್ದರು. ಆಕಾಶಕ್ಕೆ ಅದರ ಮುಖವನ್ನೇ ತೋರಿಸಿ ನಾಚಿಸುವ ಗಾಜಿನ ಕಟ್ಟಡಗಳನ್ನು, ಅವುಗಳಿಗೆ ಸಂಸ್ಕೃತದಲ್ಲಿ ಹೆಸರಿಡುವವರನ್ನು, ಆ ಹೆಸರನ್ನು ಕಾಗುಣಿತ ತಪ್ಪಿ ಬರೆಯುವವರನ್ನು ಕೂಡ. ಅವರ ಮಡದಿ ಗಿರಿಜಾಬಾಯಿ ಇದಕ್ಕೆ 'ಸಂಜೀ ಪಾರಾಯಣ' ಎಂದು ಹೆಸರಿಟ್ಟಿದ್ದರು.

ಒಂದು ಆದಿತ್ಯವಾರ ಶಾಂತಕುಮಾರ ಎಂಬುವನು ಮಿಠಾಯಿ ಡಬ್ಬಿ ಹಿಡಿದು ಬಂದ. ಕಲಬುರಗಿಯ ಹುಡುಗ, ಕಟ್ಟಡ ವಿನ್ಯಾಸ ಕಲಿತವನು, ಕೊಂಡಾಪುರದಲ್ಲಿ ಹನ್ನೆರಡು ಅಂತಸ್ತಿನ ಕಚೇರಿ ಎಬ್ಬಿಸಲು ಹೊರಟ ಒಂದು ಕಂಪನಿಯ ಸಲಹೆಗಾರ. ಅವನ ಕನ್ನಡಕದ ಚೌಕಟ್ಟು ದಪ್ಪಗಿತ್ತು, ಆಲೋಚನೆಗೆ ಅದೇ ಆಧಾರವೇನೋ ಎಂಬಂತೆ. ಅವನು ನೆಲದ ಮೇಲೆ ಒಂದು ದೊಡ್ಡ ಹಾಳೆ ಬಿಡಿಸಿದ.

"ಈ ಅಕ್ಷರ ನಿಮ್ಮವೇ ಅಲ್ಲೇನ್ರಿ ಸರ್?"

ಅವರವೇ. ಸಾವಿರದ ಒಂಬೈನೂರ ಎಪ್ಪತ್ತೆರಡರಲ್ಲಿ ಅವರು ಬರೆದ ನಕ್ಷೆಯ ನೆರಳಚ್ಚು. ಮೂವತ್ತಮೂರು ವರ್ಷಗಳ ನಂತರವೂ ಗೆರೆಗಳು ಕೂದಲಿನಷ್ಟು ಅಲುಗಿರಲಿಲ್ಲ. ಮೇಲ್ಗಡೆ 'ಅಯ್ಯಗಾರಿ ಇಲ್ಲು, ಕೊಂಡಾಪುರ' ಎಂಬ ಹೆಸರು. ಎಡಕ್ಕೆ ಉತ್ತರ ದಿಕ್ಕನ್ನು ತೋರುವ ಬಾಣ, ಕಡೆದಿಟ್ಟಂತೆ. ಅಮರೇಶಪ್ಪನವರ ಎದೆಯಲ್ಲಿ ಬಹುಕಾಲದಿಂದ ಮುಚ್ಚಿದ್ದ ಒಂದು ಕಿಟಕಿ ತೆರೆದುಕೊಂಡಿತು.

"ಈಗಿನವರು ಹಿಂಗ ತಗೀತಾರೇನು?" ಎಂದರು.

"ಯಾರ ಕೈಲೇ ಆಗ್ತದ್ರಿ ಸರ್. ನಿಮ್ಮ ನಕ್ಷಾ ಅಂದ್ರ ಬಂಗಾರ. ನಮ್ಮ ಕಂಪನಿನ ಉಳಿಸಿಬಿಟ್ಟದ ನೋಡ್ರಿ."

ಕಿಟಕಿ ಅರ್ಧಕ್ಕೇ ನಿಂತಿತು. "ಕಂಪನಿ ಉಳಸ್ತದ? ಹೆಂಗ?"

ಶಾಂತಕುಮಾರ ವಿವರಿಸಿದ. ಸರ್ಕಾರ ಕಾಪಾಡಬೇಕಾದ ಹಳೆಯ ಕಟ್ಟಡಗಳ ಪಟ್ಟಿಯಲ್ಲಿ 'ಪಾದ್ರಿ ಬಂಗಲೆ, ಕೊಂಡಾಪುರ' ಎಂಬ ಒಂದು ಸಾಲಿದೆ. ಸರ್ವೆ ನಂಬರಿಲ್ಲ, ಅಳತೆಯಿಲ್ಲ. ಕಂಪನಿ ಕೊಂಡ ಜಾಗದಲ್ಲಿ ಒಂದು ಹಳೆಯ ಮನೆಯಿದೆ. ಅದೇ ಪಾದ್ರಿ ಬಂಗಲೆಯೆಂದು ಯಾರೋ ಅರ್ಜಿ ಕೊಟ್ಟಿದ್ದಾರೆ. ಹೌದೆಂದಾದರೆ ಅದರ ಒಂದು ಕಲ್ಲನ್ನೂ ಅಲುಗಿಸುವಂತಿಲ್ಲ. ಅಲ್ಲವೆಂದಾದರೆ ಮುಂದಿನ ವಾರವೇ ನೆಲಸಮ.

"ಅದರ ಮ್ಯಾಲೆ ಒಂದು ಶಿಲುಬಿ ಸೈತ ಇಲ್ರಿ. ಊರ ಮಂದಿ ಅಯ್ಯಗಾರಿ ಇಲ್ಲು ಅಂತಾರ. ತೆಲುಗಿನಾಗ ಇಲ್ಲು ಅಂದ್ರ ಮನಿ, ಅಯ್ಯಗಾರು ಅಂದ್ರ ಪೂಜಾರಿ, ಪುರೋಹಿತ. ಮತ್ತ ಇಲ್ಲಿ ನೋಡ್ರಿ, ಅಡಿಗಿಮನ್ಯಾಗ ನೀವೇ ಬರದೀರಿ." ಅವನ ಬೆರಳು ನಕ್ಷೆಯ ಮೂಲೆಗೆ ಜಾರಿತು. ಅಲ್ಲಿ ಅಮರೇಶಪ್ಪನವರ ಮುತ್ತಿನಂಥ ಅಕ್ಷರದಲ್ಲಿ 'ದೇವರ ಜಗಲಿ' ಎಂದಿತ್ತು. "ಪಾದ್ರಿ ತನ್ನ ಅಡಿಗಿಮನ್ಯಾಗ ದೇವರ ಜಗಲಿ ಯಾಕ ಕಟ್ಟಿಸ್ತಾನ್ರಿ? ಗುರುವಾರ ನಾಂಪಲ್ಲಿಯೊಳಗ ಸಮಿತಿ ಕೂಡ್ತದ. ನೀವು ಬಂದು, ನಕ್ಷಾ ನಂದು ಅಂತ ಒಂದು ಮಾತು ಅಂದ್ರ ಮುಗೀತು."

"ಪಾದ್ರಿಗೂ ತೆಲುಗು ಕಿರಿಸ್ತಾನರು ಅಯ್ಯಗಾರು ಅಂತಾರ. ಇಷ್ಟೂ ತಿಳೀದೇನು ನಿಮಗ? ನಾ ಹೋದಾಗ ತೀರಿಕೊಂಡ ಪಾದ್ರಿಯ ಹೆಂಡತಿ ಅದೇ ಮನ್ಯಾಗ ಇದ್ದಳು. ಪಾದ್ರಿ ಮನೀನೇ ಅದು."

ಶಾಂತಕುಮಾರ ನಕ್ಕ. ಸಿಟ್ಟಾಗದಿರುವುದನ್ನು ತರಬೇತಿಯಲ್ಲಿ ಕಲಿತವರ ನಗು. "ಹಂಗಾರ ಜಗಲಿ ಎಲ್ಲಿಂದ ಬಂತ್ರಿ ಸರ್?"

ಅಮರೇಶಪ್ಪನವರು ಹಾಳೆಯನ್ನು ಸುರುಳಿ ಸುತ್ತಿ ಅವನ ಕೈಗಿಟ್ಟರು. ಮನೆ ನೋಡದೆ ಏನೂ ಹೇಳುವುದಿಲ್ಲ ಎಂದರು. ಅವನು ಹೋದ ಮೇಲೆ ಗಿರಿಜಾಬಾಯಿ ಮಿಠಾಯಿ ಡಬ್ಬಿ ತೆರೆದು, "ಹುಡುಗ ಛಲೋ ಅದಾನ. ನಿಮ್ಮನ್ನ ಹೊಗಳಿದ, ಅಷ್ಟಕ್ಕ ಸುಮ್ಮನ ಇರಬೇಕಿಲ್ಲ?" ಎಂದರು.

"ಕೆಡವೋ ಮಂದಿ ಹೊಗಳಿದ್ರ ಅದು ಹೊಗಳಿಕಿ ಅಲ್ಲ" ಎಂದು ಅಮರೇಶಪ್ಪನವರು ಗ್ಯಾಲರಿಗೆ ಹೋದರು.

ಮರುದಿನ ಕೊಂಡಾಪುರಕ್ಕೆ ಶಾಂತಕುಮಾರನೇ ಕಾರಿನಲ್ಲಿ ಕರೆದೊಯ್ದ. ಎಪ್ಪತ್ತೆರಡರಲ್ಲಿ ಅವರು ಲಿಂಗಂಪಲ್ಲಿಯಿಂದ ಬಾಡಿಗೆ ಸೈಕಲ್ ತುಳಿದು ಬಂದಿದ್ದ ದಾರಿ ಅದು. ಆಗ ಎರಡೂ ಬದಿಗೆ ಜೋಳ, ಹಾಸುಬಂಡೆ, ಸೀತಾಫಲದ ಪೊದೆ. ಈಗ ಬಂಡೆಗಳನ್ನು ಸೀಳಿ ಎದ್ದ ಗಾಜಿನ ಗೋಡೆಗಳು ಒಂದರ ಮುಖ ಒಂದು ನೋಡಿಕೊಳ್ಳುತ್ತ, ಪರಸ್ಪರರಲ್ಲಿ ಏನೂ ಕಾಣದೆ ನಿಂತಿದ್ದವು. ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡ ಎಳೆಯರು ರಸ್ತೆ ದಾಟುತ್ತಿದ್ದರು. ತಾವು ಯಾರೆಂಬುದು ಮರೆತುಹೋಗಬಾರದೆಂದು ಕಟ್ಟಿಕೊಂಡ ತಾಯಿತ ಎಂದುಕೊಂಡರು ಅಮರೇಶಪ್ಪ.

ತಗಡಿನ ಬೇಲಿಯ ಹಿಂದೆ ಮನೆ ಇತ್ತು.

ನೂರಹದಿನೈದು ವರ್ಷದ ಮನೆ ಹೀಗೆ ಸುಮ್ಮನೆ ನಿಂತಿರುವುದನ್ನು ನೋಡಿ ಅವರ ಬೈಗುಳಕ್ಕೆ ಕ್ಷಣಕಾಲ ಜಾಗವಿಲ್ಲದಾಯಿತು. ಎರಡು ಮೊಳ ದಪ್ಪದ ಕಲ್ಲಿನ ಗೋಡೆ, ಅದರ ಮೇಲೆ ಸುಣ್ಣದ ಗಚ್ಚು. ಗಚ್ಚು ಬಿಟ್ಟ ಕಡೆ ಕಲ್ಲು ಹಲ್ಲು ತೋರಿಸುತ್ತಿತ್ತು, ಹಲ್ಲು ಮಾತ್ರ ಗಟ್ಟಿ. ಮುಂದಿನ ಭಾಗಕ್ಕೆ ಇಳಿಜಾರಾದ ಹೆಂಚಿನ ಮಾಡು. ಹಿಂದಿನ ಭಾಗಕ್ಕೆ ಊರ ಕಡೆಯಂಥದೇ ಮಣ್ಣಿನ ಮಾಳಿಗೆ, ನಡುವೆ ಬೆಳಕಿಂಡಿ. ಮುಂದೆ ನಿಂತರೆ ಯಾವುದೋ ದೂರದೇಶದ ಹಳ್ಳಿ. ಹಿಂದೆ ಹೋದರೆ ಲಿಂಗಸೂಗೂರು. ಪಡಸಾಲೆಯುದ್ದಕ್ಕೂ ಗೋಡೆಗೆ ಕೂಡಿಸಿ ಕಟ್ಟಿದ ಒಂದೇ ಎತ್ತರದ ಕಲ್ಲಿನ ಕಟ್ಟೆ. ಬಂದವರು ಯಾವ ಕೇರಿಯವರಾದರೂ ಕೂಡುವ ಎತ್ತರ ಒಂದೇ. ಎಪ್ಪತ್ತೆರಡರಲ್ಲಿ ಅದನ್ನು ಅಳೆದಾಗ ಅವರಿಗೆ ಇದು ಹೊಳೆದಿರಲಿಲ್ಲ. ಬಲಕ್ಕೆ ಪಾದ್ರಿಯ ಓದುವ ಕೋಣೆ. ಅದಕ್ಕೆ ಹೊರಗಿನಿಂದಲೇ ಬೇರೆ ಬಾಗಿಲು, ದುಃಖ ತಂದವನು ಮನೆಯವರ ಕಣ್ಣಿಗೆ ಬೀಳದೆ ಬಂದು ಹೋಗಲೆಂದು. ಇಡೀ ಮನೆಯಲ್ಲಿ ಅಲಂಕಾರವೆಂಬುದೇ ಇರಲಿಲ್ಲ. ಮಾತು ಕಡಿಮೆಯಾದ ಒಳ್ಳೆಯ ಪದ್ಯದ ಹಾಗೆ, ತೆಗೆದುಹಾಕಬಹುದಾದ ಒಂದು ಕಲ್ಲೂ ಇರಲಿಲ್ಲ.

"ಎಲಿವೇಶನ್ ಏನೂ ಇಲ್ರಿ ಇದಕ್ಕ" ಎಂದ ಶಾಂತಕುಮಾರ.

"ಮುಖಕ್ಕ ಬಣ್ಣ ಬಡಕೊಳ್ಳದವರನ್ನ ನೀವು ಮನುಷ್ಯರು ಅನ್ನೋದಿಲ್ಲ, ಗೊತ್ತೈತಿ" ಎಂದು ಅಮರೇಶಪ್ಪನವರು ಹಿಂಭಾಗಕ್ಕೆ ನಡೆದರು.

ಪಕ್ಕದ ಕಟ್ಟಡಕ್ಕೆ ಕಲ್ಲು ಮಣ್ಣು ಹೊರಲು ಬಂದ ಸುರಪುರದ ಕಡೆಯ ಕೂಲಿಗಳು ಆ ಹಿಂಭಾಗದಲ್ಲಿ ಬಿಡಾರ ಹೂಡಿದ್ದರು. ಅಡಿಗೆಮನೆಯಲ್ಲಿ ಸಾಬಮ್ಮ ಎಂಬ ಹೆಂಗಸು ರೊಟ್ಟಿ ಬಡಿಯುತ್ತಿದ್ದಳು. ಅಮರೇಶಪ್ಪನವರು ಹೊಸ್ತಿಲಲ್ಲಿ ನಿಂತರು. ಎದುರಿನ ಗೋಡೆಗೆ, ಸೊಂಟದೆತ್ತರಕ್ಕೆ, ಕಲ್ಲು ಹಾಸಿದ ಜಗಲಿ. ಅದರ ಮೇಲೆ ಸಾಬಮ್ಮನ ಮೂರು ಕೊಡ ನೀರು.

"ಏ ತಂಗಿ, ಖಬರ್ ಐತೇನ ನಿನಗ? ದೇವರ ಜಗಲಿ ಮ್ಯಾಲ ಕೊಡ ಹೇರೀಯಲ್ಲ!"

ಸಾಬಮ್ಮ ಹಿಟ್ಟಿನ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿ ಅವರನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ನಕ್ಕಳು.

"ದೇವರ ಜಗಲಿ? ಯಾವ ದೇವ್ರು ತೆಂಕಲಕ್ಕ ಮಾರಿ ಮಾಡಿ ಕುಂದರ್ತಾನ ಯಪ್ಪಾ? ಅದು ಯಮನ ದಿಕ್ಕ. ನಮ್ಮೂರಾಗ ಹೆಣದ ತಲಿ ಅತ್ತಾಗ ಮಾಡ್ತಾರ, ದೇವರ ಮಾರಿ ಅಲ್ಲ."

ಅಮರೇಶಪ್ಪನವರ ತಲೆಯೊಳಗೆ ನಕ್ಷೆಯ ಬಾಣ ಸರ್ರನೆ ತಿರುಗಿತು. ಉತ್ತರದ ಗೋಡೆ. ಉತ್ತರದ ಗೋಡೆಗೆ ಕೂಡಿಸಿ ಕಟ್ಟಿದ ಜಗಲಿಯ ಮುಖ ದಕ್ಷಿಣಕ್ಕಲ್ಲದೆ ಇನ್ನೆಲ್ಲಿಗೆ?

"ಒಳಗ ಬರ್ರಿ, ಬಾಗಲದಾಗ ನಿಂತ್ರ ಏನ್ ಕಾಣ್ತೈತಿ" ಎನ್ನುತ್ತ ಸಾಬಮ್ಮ ಎದ್ದು ಒಂದು ಕೊಡ ಎತ್ತಿದಳು. ಕಲ್ಲಿನಲ್ಲಿ ಬಟ್ಟಲಿನಷ್ಟು ಗುಂಡನೆಯ ಕುಳಿ. ಇನ್ನೊಂದನ್ನು ಎತ್ತಿದಳು, ಮತ್ತೊಂದು ಕುಳಿ. "ಕೊಡ ಕುಂದರಾಕ ಕಡದಾರ. ಚೆಲ್ಲಿದ ನೀರು ಹೋಗಾಕ ಕಿಂಡಿ ನೋಡ್ರಿ, ಹಿತ್ತಲಾಗಿನ ಬಾಳಿಗಿಡಕ್ಕ ಹೋಗ್ತೈತಿ. ಇದು ನೀರಿನ ಕಟ್ಟಿ. ದೇವ್ರಿಗೆ ಬಚ್ಚಲ ಬೇಕೇನು? ಓದಿದ ಸಾಹೇಬ್ರು ಕಾಣ್ತೀರಿ, ಇಷ್ಟು ತಿಳೀವಲ್ದು!"

ಅಮರೇಶಪ್ಪನವರು ಹೊಸ್ತಿಲು ದಾಟಿ ಒಳಗೆ ಹೋದರು. ಈ ಕೋಣೆಯೊಳಗೆ ಅವರ ಪಾದ ಬಿದ್ದದ್ದು ಇದೇ ಮೊದಲು.

ಅವರಿಗೆ ಎಲ್ಲವೂ ನೆನಪಿತ್ತು. ನೆನಪು ಎಂದೂ ಹೋಗಿರಲಿಲ್ಲ, ಬಳಸಿರಲಿಲ್ಲ ಅಷ್ಟೆ. ಆ ದಿನ ಅವರು ಟೇಪು ಹಿಡಿದು ಪಡಸಾಲೆ ಅಳೆದರು, ಓದುವ ಕೋಣೆ ಅಳೆದರು, ಮಲಗುವ ಕೋಣೆಗಳನ್ನು ಅಂಗುಲ ಬಿಡದೆ ಅಳೆದರು. ಅಡಿಗೆಮನೆಯ ಬಾಗಿಲಿಗೆ ಬಂದು ನಿಂತುಬಿಟ್ಟರು. ಆಗ ಅವರಿಗೆ ಮೂವತ್ತನಾಲ್ಕು. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಮನಸ್ಸಿನಲ್ಲಿ ಆ ಒಲೆಯ ಮೇಲೆ ಏನೇನು ಬೆಂದಿರಬಹುದೆಂಬ ಚಿತ್ರ. ಪಾದ್ರಿಯ ವಿಧವೆ, ಬಿಳಿ ಸೀರೆಯ ಸಣ್ಣ ಮುದುಕಿ, ಬಿಸಿಲಲ್ಲಿ ಬಂದಿದ್ದೀರಿ ಎಂದು ಮಜ್ಜಿಗೆ ತಂದಳು. ಇವತ್ತು ಒಪ್ಪತ್ತು ಎಂದು ಇವರು ತೆಲುಗಿನಲ್ಲಿ ಹೇಳಿದರು. ಬುಧವಾರವಾಗಿತ್ತು, ಅವರ ಮನೆಯಲ್ಲಿ ಬುಧವಾರ ಯಾರೂ ಒಪ್ಪತ್ತು ಮಾಡುತ್ತಿರಲಿಲ್ಲ. ಆಕೆ ಲೋಟವನ್ನು ತಿರುಗಿ ಒಯ್ದು, ಒಳಗಿನಿಂದ ಆ ಕಟ್ಟೆಯ ಬಗ್ಗೆ ಏನೋ ಹೇಳಿದಳು. ಇವರು ಕೇಳಿಸಿಕೊಳ್ಳಲಿಲ್ಲ. ಬಾಗಿಲಿನಿಂದಲೇ ಕಣ್ಣಳತೆ ಹಿಡಿದರು. ಅಡಿಗೆಮನೆಯ ಗೋಡೆಗೆ ಕಲ್ಲಿನ ಹಾಸು ಕಂಡಿತು, ಲಿಂಗಸೂಗೂರಿನಲ್ಲಿ ಹಾಗೆ ಕಂಡದ್ದಕ್ಕೆ ದೇವರ ಜಗಲಿ ಎನ್ನುತ್ತಾರೆ, ಕೈ ಬರೆಯಿತು. ಯಾರ ಮನೆ ಎಂಬುದು ಆ ಕೈಗೆ ಗೊತ್ತಿರಲಿಲ್ಲ. ಕಾಲಿಗೆ ಮಾತ್ರ ಗೊತ್ತಿತ್ತು.

ಮೂವತ್ತಮೂರು ವರ್ಷ ಅವರು ಇತರರ ಗೆರೆಗಳನ್ನು ನೋಡಿ ನಕ್ಕಿದ್ದರು.

"ಸರ್" ಎಂದ ಶಾಂತಕುಮಾರ, ಹೊರಗೆ ಬಂದ ಮೇಲೆ, ದನಿ ತಗ್ಗಿಸಿ. "ಕೂಲಿ ಹೆಣ್ಣುಮಗಳ ಮಾತಿಗೆ ಸಮಿತಿಯೊಳಗ ಕಿಮ್ಮತ್ತಿಲ್ಲ. ಕಾಗದಕ್ಕ ಅದ. ನೀವು ಬಾಯಿ ಬಿಡದಿದ್ರ ನಿಮ್ಮ ನಕ್ಷಾನೇ ಕಡೀ ಮಾತು. ನಿಮ್ಮ ಹೆಸರೂ ಹಂಗೇ ಬಂಗಾರ ಉಳೀತದ. ವಿಚಾರ ಮಾಡ್ರಿ."

ಅಂದು ಸಂಜೆ ಪಾರಾಯಣ ನಡೆಯಲಿಲ್ಲ. ಗಿರಿಜಾಬಾಯಿ ಗ್ಯಾಲರಿಗೆ ಬಂದು ನೋಡಿ, "ಇವತ್ತ ಊರಿಗೆ ರಜಾ ಕೊಟ್ಟೀರೇನು?" ಎಂದರು. ಅಮರೇಶಪ್ಪನವರು ನಡೆದುದನ್ನೆಲ್ಲ ಹೇಳಿದರು, ಒಪ್ಪತ್ತಿನ ಸುಳ್ಳನ್ನೂ ಬಿಡದೆ. ಗಿರಿಜಾಬಾಯಿ ಪಕ್ಕದ ಕುರ್ಚಿ ಎಳೆದುಕೊಂಡು ಕುಳಿತರು.

"ತಪ್ಪಾಗೇತಿ ಅಂದುಬಿಡ್ರಿ. ಅವಸರದಾಗ ಬರದೆ ಅಂತ. ಯಾರ್ ಕೇಳ್ತಾರ?"

"ಅವಸರ ಅಂದ್ರ ನಕ್ಷಾನೇ ಅವಸರದ್ದು ಆಗ್ತೈತಿ. ಅಡಿಗಿಮನಿ ಸುಳ್ಳಾದ್ರ ಓದೋ ಕ್ವಾಣೀನೂ ಸುಳ್ಳು, ಬಾಣಾನೂ ಸುಳ್ಳು ಅಂತಾರ. ಮನಿ ಹೋತು."

"ಹಂಗಾರ ಖರೇ ಹೇಳ್ರಿ."

"ಖರೇ ಹೇಳಿದ್ರ ನಾ ಹೋದೆ."

"ನೀವು ಹೋಗೂದು ಹೆಂಗೂ ಐತಿ" ಎಂದರು ಗಿರಿಜಾಬಾಯಿ. "ಮನಿಯರ ನಿಲ್ಲಲಿ."

ಗುರುವಾರ ಹನ್ನೊಂದಕ್ಕೆ ನಾಂಪಲ್ಲಿಯ ಹಳೆಯ ಕಚೇರಿಯೊಂದರ ಮೇಲಂತಸ್ತಿನಲ್ಲಿ ಸಮಿತಿ ಕೂಡಿತು. ಆರು ಜನ. ಹಳೆಯ ಕಟ್ಟಡಗಳನ್ನು ಕಾಪಾಡುವ ಅವರು ಕುಳಿತ ಕೋಣೆಗೆ ಮಿಥ್ಯಾ ಚಾವಣಿ ಹೊಡೆಸಿ, ನಿಜಾಮರ ಕಾಲದ ಕಮಾನುಗಳನ್ನು ಮುಚ್ಚಿದ್ದರು. ಒಬ್ಬರು ಬಿಸ್ಕತ್ತನ್ನು ಚಹಾದಲ್ಲಿ ಅದ್ದುವ ಕೆಲಸವನ್ನು ಸಮಿತಿಯ ಕಲಾಪದಷ್ಟೇ ಗಂಭೀರವಾಗಿ ನಡೆಸಿದ್ದರು. ಬಿಸ್ಕತ್ತು ಮುರಿದು ಒಳಗೆ ಬಿದ್ದಾಗ ಮಾತ್ರ ಆ ಮುಖದಲ್ಲಿ ಒಂದು ಪರಂಪರೆಯ ನಾಶಕ್ಕಾಗಿ ದುಃಖ ಕಾಣಿಸಿತು. ಮನೆಯನ್ನು ಹೋಗಿ ನೋಡಿದವರು ಯಾರೂ ಇರಲಿಲ್ಲ. ಕೊಂಡಾಪುರ ದೂರ, ಟ್ರಾಫಿಕ್ಕು ಕೆಟ್ಟದ್ದು, ಇಷ್ಟಕ್ಕೂ ಕಾಗದ ಇದ್ದೇ ಇದೆಯಲ್ಲ.

ಶಾಂತಕುಮಾರ ನಕ್ಷೆಯನ್ನು ಗೋಡೆಗೆ ಹಚ್ಚಿ, ಸೊಗಸಾದ ಇಂಗ್ಲಿಷಿನಲ್ಲಿ ಅದರ ಗುಣಗಾನ ಮಾಡಿದ. ಇಲಾಖೆಯ ಅತ್ಯಂತ ನಂಬಿಕಸ್ಥ ಕೈ ಎಂದ. ಅಮರೇಶಪ್ಪನವರ ಜೀವಮಾನದಲ್ಲಿ ಅವರ ಕೆಲಸದ ಬಗ್ಗೆ ಯಾರೂ ಅಷ್ಟು ಚೆಲುವಾದ ಮಾತಾಡಿರಲಿಲ್ಲ. ಆಡಿದವನು ಮನೆ ಕೆಡವುವವನು.

ಅವರು ಎದ್ದುನಿಂತರು. ಇದು ಪಾದ್ರಿಯ ಮನೆ, ಅಡಿಗೆಮನೆಯಲ್ಲಿರುವುದು ನೀರಿನ ಕಟ್ಟೆ, ಜಗಲಿ ಎಂದು ಬರೆದದ್ದು ನನ್ನ ತಪ್ಪು ಎಂದರು. ಬಾಣ ತೋರಿಸಿದರು, ತೆಂಕು ದಿಕ್ಕು ತೋರಿಸಿದರು. ಬಿಸ್ಕತ್ತಿನವರೂ ತಲೆಯೆತ್ತಿದರು.

ನಿವೃತ್ತ ಅಧಿಕಾರಿಯಾದ ಅಧ್ಯಕ್ಷರು ಕನ್ನಡಕ ಇಳಿಸಿ, "ಅಮರೇಶಪ್ಪ ಸಾಬ್" ಎಂದರು, ಸವೆದ ಮೆದು ದಖನಿ ಉರ್ದುವಿನಲ್ಲಿ. ಒಂದು ಕಡೆ ತಪ್ಪಿದ ಕೈ ಇನ್ನೊಂದು ಕಡೆ ತಪ್ಪಿಲ್ಲವೆಂದು ನಂಬುವುದು ಹೇಗೆ? ಕಟ್ಟೆ ತಪ್ಪಾದರೆ ಬಾಣವೂ ತಪ್ಪಿರಬಹುದು, ಹೊರಬಾಗಿಲ ಓದುವ ಕೋಣೆಯೂ ತಪ್ಪಿರಬಹುದು. ಅಡಿಗೆಮನೆಯೊಂದರಲ್ಲೇ ಯಾಕೆ ತಪ್ಪಾಯಿತೆಂದು ಒಂದು ನಂಬುವಂಥ ಕಾರಣ ಕೊಟ್ಟರೆ ಉಳಿದ ನಕ್ಷೆ ನಿಲ್ಲುತ್ತದೆ, ಮನೆ ಪಟ್ಟಿಯಲ್ಲಿ ಉಳಿಯುತ್ತದೆ. ಇಲ್ಲವಾದರೆ ಇಲ್ಲ. ಬಾಯಿಮಾತು ಬೇಡ, ಊಟಕ್ಕೇಳುವ ಮೊದಲು ಬರವಣಿಗೆಯಲ್ಲಿ ಬರಲಿ, ಸಹಿ ಇರಲಿ.

ಪಕ್ಕದ ಕೋಣೆಯಲ್ಲಿ ಟೈಪು ಮಾಡಲು ಶೋಭಾ ಎಂಬ ಹೆಣ್ಣುಮಗಳಿದ್ದಳು. ಬೀದರಿನವಳು. "ಕನ್ನಡದಾಗೇ ಹೇಳ್ರಿ ಸರ್, ಇಂಗ್ಲಿಷ್ ನಾ ಮಾಡ್ಕೋತೀನಿ" ಎಂದಳು. ಅಮರೇಶಪ್ಪನವರು ತಮ್ಮ ಹೆಸರು, ಹುದ್ದೆ, ಅಳತೆ ತೆಗೆದ ತಾರೀಖು ಹೇಳಿದರು. ಪಡಸಾಲೆ, ಓದುವ ಕೋಣೆ, ಮಲಗುವ ಕೋಣೆಗಳನ್ನು ಟೇಪಿನಿಂದ ಅಳೆದಿದ್ದೇನೆ, ದಿಕ್ಸೂಚಿ ಇಟ್ಟು ಉತ್ತರ ಗುರುತಿಸಿದ್ದೇನೆ ಎಂದರು. ಅಡಿಗೆಮನೆಯೊಳಗೆ ಮಾತ್ರ ಕಾಲಿಡಲಿಲ್ಲ ಎಂದರು.

ಶೋಭಾಳ ಬೆರಳುಗಳು ನಿಂತವು. "ಕಾರಣ, ಸರ್?"

ಬಾಗಿಲಲ್ಲಿ ಶಾಂತಕುಮಾರ ನಿಂತಿದ್ದ. "ಹೊತ್ತು ಸಾಲಲಿಲ್ಲ ಅಂತ ಬರಸ್ರಿ ಸರ್" ಎಂದ, ಬಹಳ ಮೃದುವಾಗಿ. "ಮರ್ಯಾದಿ ಮಾತು. ನಿಮ್ಮ ವಯಸ್ಸಿಗೆ ಇನ್ನೇನು ಬೇಕ್ರಿ? ಯಾರಿಗೂ ಮುಜುಗರ ಇಲ್ಲ."

ಅವನಿಗೆ ಗೊತ್ತಿತ್ತು. ಹೊತ್ತು ಸಾಲದವನ ನಕ್ಷೆಯಲ್ಲಿ ಯಾವ ಗೋಡೆಯೂ ನಿಲ್ಲುವುದಿಲ್ಲ. ಅಮರೇಶಪ್ಪನವರು ಅವನನ್ನು ನೋಡಿದರು. ಅಷ್ಟು ವರ್ಷ ಊರಿನ ಮೇಲೆ ಸುರಿದ ತಾತ್ಸಾರದಲ್ಲಿ ಒಂದು ಹಿಡಿ ಇವನಿಗೂ ಬೇಕೆಂದು ಹುಡುಕಿದರು; ಸಿಕ್ಕಿದ್ದೆಲ್ಲ ಬೇರೆ ಕಡೆಗೆ ಖರ್ಚಾಗಿತ್ತು. ಮೇಜಿನ ಗಾಜಿನಲ್ಲಿ ವಿಭೂತಿಯ ಒಂದು ಮುಖ ಕಾಣುತ್ತಿತ್ತು.

"ಬರಕೋ ತಂಗಿ" ಎಂದರು. "ಅದು ಕಿರಿಸ್ತಾನರ ಅಡಿಗಿಮನಿ ಅಂಬೋ ಹೇಸಿಗಿಯಿಂದ ನಾನು ಒಳಗ ಹೋಗಲಿಲ್ಲ. ಬಾಗಲದಾಗ ನಿಂತು, ನೋಡದೇ ಬರದೆ. ಆ ಕ್ವಾಣಿ ಒಂದು ಬಿಟ್ಟು ಉಳಿದದ್ದೆಲ್ಲಾ ಖರೇ ಐತಿ."

ಶಾಂತಕುಮಾರ ಫೋನು ತೆಗೆದುಕೊಂಡು ಮೊಗಸಾಲೆಯತ್ತ ಸರಿದ. ಶೋಭಾ ಟೈಪು ಮಾಡಿದಳು, ಅರ್ಧಕ್ಕೆ ನಿಲ್ಲಿಸಿ ತಲೆಯೆತ್ತಿದಳು.

"ಸರ್, ಹೇಸಿಗಿ ಅಂದ್ರ... ಅಡಿಗಿಮನಿ ಹೊಲಸಿತ್ತು ಅಂತ ಹಾಕ್ಲೇನ್ರಿ? ಇಂಗ್ಲಿಷಿನಾಗ ಅದು ಚಂದ ಕೂಡ್ತದ."

ಒಳಗಿನ ಕೋಣೆಯಲ್ಲಿ ಕುರ್ಚಿಗಳು ಸರಿಯುವ ಸದ್ದಾಯಿತು, ಸಮಿತಿ ಊಟಕ್ಕೇಳುತ್ತಿತ್ತು. ಕಟ್ಟೆಯ ಕಲ್ಲಿನ ತಂಪು, ಅಂದು ಬಾಗಿಲಿನಿಂದ ಕಂಡ ತೊಳೆದಿಟ್ಟ ಹಿತ್ತಾಳೆ ಪಾತ್ರೆಗಳ ಸಾಲು, ಲೋಟವನ್ನು ತಿರುಗಿ ಒಯ್ದ ಸಣ್ಣ ಬೆನ್ನು ಅವರ ಕಣ್ಣ ಮುಂದೆ ಬಂದವು.

"ಬ್ಯಾಡವ್ವಾ" ಎಂದರು ಅಮರೇಶಪ್ಪನವರು. "ಅಡಿಗಿಮನಿ ಕನ್ನಡಿ ಇದ್ದಂಗ ಇತ್ತು. ಹೇಸಿಗಿ ನಂದು. ಹಂಗ ಹಾಕು."

ಅವಳು ಹಾಗೆಯೇ ಹಾಕಿದಳು. ಅವರು ಹಾಳೆಯನ್ನು ಎರಡು ಸಲ ಓದಿ, ಒಂದು ಕಾಗುಣಿತ ತಿದ್ದಿಸಿ, ಕೆಳಗೆ ನೆಟ್ಟಗೆ ಸಹಿ ಮಾಡಿ, ಊಟಕ್ಕೆ ಹೊರಟಿದ್ದ ಅಧ್ಯಕ್ಷರ ದಾರಿಗೆ ಅಡ್ಡಲಾಗಿ ನಿಂತು ಅದನ್ನು ಕೈಗೆ ಕೊಟ್ಟರು.